ಮಧ್ಯಯುಗದ ಕಾಳಗದ ಗೇಮ್‌ಗೆ ಕವಣೆ: ರಿಲೀಸ್, ಸ್ಪ್ರೆಡ್, ಡ್ಯಾಮೇಜ್ ಹೇಗಿರಬೇಕು?

ಬತ್ತಳಿಕೆ_ಖಾಲಿ (ಪ್ರಶ್ನೆ)

13–14ನೇ ಶತಮಾನದ ಯುರೋಪ್ ಹಿನ್ನೆಲೆಯ ಫಸ್ಟ್ ಪರ್ಸನ್ ಮಲ್ಟಿಪ್ಲೇಯರ್ ಗೇಮ್, ಅನ್‌ರಿಯಲ್ 5 ಗೇಮ್ ಎಂಜಿನ್‌ನಲ್ಲಿ. ಕತ್ತಿ-ಈಟಿಯ ಜಗಳವೇ ಮುಖ್ಯ. ದೂರದಿಂದ ಹೊಡೆಯಲು ಈಗ ಬಿಲ್ಲು, ಕ್ರಾಸ್‌ಬೋ ಇವೆ. ಕವಣೆ ಸೇರಿಸಬೇಕು. ಪ್ರೋಟೋಟೈಪ್‌ನಲ್ಲಿ ಬಿಲ್ಲಿನ ಕೋಡನ್ನೇ ನಕಲು ಮಾಡಿ ಬಾಣದ ಜಾಗದಲ್ಲಿ ಕಲ್ಲು ಇಟ್ಟಿದೆ: ಬಟನ್ ಒತ್ತಿ ಹಿಡಿದರೆ ತಲೆಯ ಮೇಲೆ ತಿರುಗುತ್ತದೆ, ಹೆಚ್ಚು ಸುತ್ತಿದಷ್ಟೂ ವೇಗ ಹೆಚ್ಚು, ಬಿಟ್ಟರೆ ಕ್ರಾಸ್‌ಹೇರ್ (ಪರದೆ ನಡುವಿನ ಗುರಿಗುರುತು) ಕಡೆಗೆ ಹೋಗುತ್ತದೆ. ಅದು ಬರೀ ಬಡವರ ಬಿಲ್ಲಾಗಿದೆ. ಬಿಲ್ಲು ಸಿಗುವ ತನಕ ಹಿಡಿಯುತ್ತಾರೆ, ಸಿಕ್ಕ ಕೂಡಲೇ ಬಿಸಾಡುತ್ತಾರೆ.

ಇದಕ್ಕೆ ತನ್ನದೇ ಆದ ಆಟ ಕೊಡುವುದು ಹೇಗೆ? ವೇಗ, ತೂಕ, ಸ್ಪ್ರೆಡ್‌ಗೆ (ಗುರಿಯಿಂದ ಆಚೀಚೆ ಚದುರುವುದಕ್ಕೆ) ಆರಂಭಕ್ಕೆ ಇಟ್ಟುಕೊಳ್ಳಬಹುದಾದ ಅಂಕಿಗಳು ಬೇಕು. ಕವಚದ ಮೇಲೆ ಡ್ಯಾಮೇಜ್ ಹೇಗೆ ಲೆಕ್ಕ ಹಾಕುವುದು? ಕೋಲು ಕವಣೆಯನ್ನೂ (ಕೋಲಿನ ತುದಿಗೆ ಕಟ್ಟಿದ ಕವಣೆ) ಸೇರಿಸಿದರೆ ಅದು ಬೇರೆ ಆಯುಧವಾಗಬೇಕೋ ಇದರದೇ ಅಪ್‌ಗ್ರೇಡ್ ಸಾಕೋ?

ಸ್ಪರ್ಶರೇಖೆ

ಮೊದಲು ಬಿಲ್ಲಿನ ಕೋಡ್ ಕಿತ್ತುಹಾಕಿ. ಬಿಲ್ಲಿನಲ್ಲಿ ಗುರಿ ಹಿಡಿಯುವುದು ಒಂದು ಕೆಲಸ, ಬಿಡುವುದು ಇನ್ನೊಂದು. ಕವಣೆಯಲ್ಲಿ ಬಿಡುವ ಹೊತ್ತೇ ಗುರಿ. ಒಂದು ಹಗ್ಗದ ತುದಿಯ ಕುಣಿಕೆ ಬೆರಳಿಗೆ ಸಿಕ್ಕಿರುತ್ತದೆ, ಇನ್ನೊಂದರ ತುದಿಯ ಗಂಟು ಹೆಬ್ಬೆರಳು-ತೋರುಬೆರಳಿನ ನಡುವೆ ಇರುತ್ತದೆ. ಗಂಟು ಜಾರಿಸಿದ ಕೂಡಲೇ ಪೌಚ್ (ಕಲ್ಲು ಕೂರುವ ನಡುಭಾಗ) ಬಿಚ್ಚಿಕೊಂಡು, ಕಲ್ಲು ಆ ಕ್ಷಣಕ್ಕೆ ಯಾವ ದಿಕ್ಕಿಗೆ ಸಾಗುತ್ತಿತ್ತೋ ಆ ದಿಕ್ಕಿಗೇ ಹೊರಡುತ್ತದೆ.

ಈಗ ಲೆಕ್ಕ ನೋಡಿ. ಕಲ್ಲಿನ ವೇಗ 35 ಮೀ/ಸೆ, ತಿರುಗುವ ತ್ರಿಜ್ಯ ಸುಮಾರು 1.1 ಮೀಟರ್ ಅಂದುಕೊಂಡರೆ ಕೋನವೇಗ ಸೆಕೆಂಡಿಗೆ 1,800 ಡಿಗ್ರಿ ದಾಟುತ್ತದೆ. 10 ಮಿಲಿಸೆಕೆಂಡ್ ಹೆಚ್ಚುಕಡಿಮೆಯಾದರೆ ದಿಕ್ಕು 18 ಡಿಗ್ರಿ ತಪ್ಪುತ್ತದೆ. 60 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮ್ ಅಂದರೆ 30 ಡಿಗ್ರಿ. ಹೀಗಾಗಿ ನಿಜವಾದ ಭೌತಶಾಸ್ತ್ರವನ್ನು ನೇರವಾಗಿ ಮೌಸ್ ಬಟನ್‌ಗೆ ಕಟ್ಟಿದರೆ ಯಾವ ಆಟಗಾರನ ಕೈಯಲ್ಲೂ ಅದು ನಡೆಯುವುದಿಲ್ಲ. ಅಭ್ಯಾಸವಿರುವ ಕವಣೆಗಾರನ ಬೆರಳು ಆ ಕೆಲಸವನ್ನು ಯೋಚಿಸದೆ ಮಾಡುತ್ತದೆ. ಆ ಪಳಗಿದ ಬೆರಳನ್ನು ಪಾತ್ರಕ್ಕೇ ಕೊಟ್ಟುಬಿಟ್ಟು, ಆಟಗಾರನಿಗೆ ಸಡಿಲ ಮಾಡಿದ ಸಮಯ ಕೊಡಿ.

ಆರಂಭಕ್ಕೆ: ಆದರ್ಶ ಕ್ಷಣದಿಂದ ಆಚೀಚೆ 30 ಮಿಲಿಸೆಕೆಂಡ್ ಒಳಗೆ ಬಿಟ್ಟರೆ ಸಮಯದ ತಪ್ಪು ಸೊನ್ನೆ, ಮೂಲ ಸ್ಪ್ರೆಡ್ ಮಾತ್ರ. ಅಲ್ಲಿಂದ 120 ಮಿಲಿಸೆಕೆಂಡ್ ತನಕ ತಪ್ಪು ಏರುತ್ತಾ 7 ಡಿಗ್ರಿ ಮುಟ್ಟಲಿ. ಅದನ್ನೂ ಮೀರಿದರೆ ಕಲ್ಲು ಆಕಾಶಕ್ಕೋ ಕಾಲ ಬುಡಕ್ಕೋ ಹೋಗಲಿ, ದಯೆ ಬೇಡ.

ಇಲ್ಲಿ ಬಹಳ ಗೇಮ್‌ಗಳು ಎಡವುವುದು ತಪ್ಪನ್ನು ವೃತ್ತಾಕಾರದ ಕೋನ್ ಮಾಡಿ. ಕವಣೆಯ ತಪ್ಪಿಗೆ ಆಕಾರ ಇದೆ. ತಲೆಯ ಮೇಲಿಂದ ಲಂಬವಾಗಿ ಬೀಸಿದರೆ ಬೇಗ ಬಿಟ್ಟದ್ದು ಮೇಲಕ್ಕೆ ಹೋಗುತ್ತದೆ, ತಡವಾದದ್ದು ನೆಲಕ್ಕೆ. ಅಕ್ಕಪಕ್ಕಕ್ಕೆ ಹೆಚ್ಚು ಸರಿಯುವುದಿಲ್ಲ. ಪಕ್ಕದಿಂದ ಅಡ್ಡವಾಗಿ ಬೀಸಿದರೆ, ಬಲಗೈಯವನಿಗೆ, ಬೇಗ ಬಿಟ್ಟದ್ದು ಬಲಕ್ಕೆ, ತಡವಾದದ್ದು ಎಡಕ್ಕೆ. ಎತ್ತರ ಸುಮಾರಾಗಿ ಸರಿಯಾಗೇ ಇರುತ್ತದೆ. ಸ್ಪ್ರೆಡ್ ಅನ್ನು ದೀರ್ಘವೃತ್ತ ಮಾಡಿ: ಲಂಬ ಬೀಸಿಗೆ ಮೇಲೆ-ಕೆಳಗೆ 2 ಡಿಗ್ರಿ, ಅಕ್ಕಪಕ್ಕ 0.8; ಅಡ್ಡ ಬೀಸಿಗೆ ಅದನ್ನೇ ತಿರುಗಿಸಿ. 30 ಮೀಟರ್‌ನಲ್ಲಿ 2 ಡಿಗ್ರಿ ಅಂದರೆ ಸುಮಾರು 1 ಮೀಟರ್, 0.8 ಅಂದರೆ 40 ಸೆಂ.ಮೀ. ನಿಂತ ಒಬ್ಬನ ಮೇಲೆ ಲಂಬ ಬೀಸು ಒಳ್ಳೆಯದು, ಸಾಲಾಗಿ ಬರುವ ಗುಂಪಿನ ಮೇಲೆ ಅಡ್ಡ ಬೀಸು. ಯಾರೂ ಟ್ಯುಟೋರಿಯಲ್‌ನಲ್ಲಿ ಹೇಳಬೇಕಿಲ್ಲ, ಆಟಗಾರರೇ ಕಂಡುಕೊಳ್ಳುತ್ತಾರೆ. ಬಿಲ್ಲಿಗಿಲ್ಲದ ಆಯ್ಕೆ ಇದು.

ಇನ್ನು, ಹೆಚ್ಚು ಸುತ್ತಿದರೆ ಹೆಚ್ಚು ವೇಗ ಅನ್ನುವುದನ್ನು ತೆಗೆಯಿರಿ. ಬಲ ಬರುವುದು ಕೊನೆಯ ಬೀಸಿನಲ್ಲಿ, ಭುಜ-ಸೊಂಟ ತಿರುಗಿಸುವುದರಿಂದ. ಒಂದು ಸುತ್ತು ಸಾಕು. ಎರಡನೆಯದು ಲಯ ಹಿಡಿಯುವುದಕ್ಕೆ. ಗೇಮ್‌ನಲ್ಲಿ 0.7 ಸೆಕೆಂಡಿಗೆ ಚಾರ್ಜ್ ತುಂಬಿಬಿಡಲಿ. ಅದಾದ ಮೇಲೆ ಸುತ್ತುತ್ತಾ ನಿಂತರೆ ಸ್ಟ್ಯಾಮಿನಾ ಇಳಿಯಲಿ, ವೇಗ ಏರಬಾರದು.

ಗಾಳಿಯ ತಡೆ ಮರೆಯಬೇಡಿ. ಬಾಣಕ್ಕಿಂತ ಗುಂಡುಕಲ್ಲಿಗೆ ಅದು ಬಹಳ ಮುಖ್ಯ. ವೇಗದ ವರ್ಗಕ್ಕೆ ತಕ್ಕಂತೆ ತಡೆಯಬೇಕು, 100 ಗ್ರಾಂ ಗುಂಡುಕಲ್ಲಿಗೆ (ವ್ಯಾಸ 4.2 ಸೆಂ.ಮೀ.) ಗುಣಾಂಕ ಮೀಟರಿಗೆ 0.004, ಅಂದರೆ ವೇಗ × ವೇಗ × 0.004 ರಷ್ಟು ಹಿಮ್ಮುಖ ವೇಗೋತ್ಕರ್ಷ. 60 ಗ್ರಾಂ ಸೀಸದ ಗುಂಡಿಗೆ 0.0018. ಎಸೆದ ವಸ್ತುವನ್ನು ಹಾರಿಸುವ ಅನ್‌ರಿಯಲ್‌ನ ಪ್ರೊಜೆಕ್ಟೈಲ್ ಮೂವ್‌ಮೆಂಟ್ ಕಾಂಪೊನೆಂಟ್‌ನಲ್ಲಿ ಇದು ಇಲ್ಲ. ಅಲ್ಲಿರುವ ಫ್ರಿಕ್ಷನ್ ಪುಟಿಯುವಾಗಿನದು, ಗಾಳಿಯದಲ್ಲ. ಸಿ++ನಲ್ಲಿ ‘ಕಂಪ್ಯೂಟ್ ಆಕ್ಸಿಲರೇಶನ್’ ಫಂಕ್ಷನ್ ಓವರ್‌ರೈಡ್ ಮಾಡಿ ಸೇರಿಸಿ. ಅನ್‌ರಿಯಲ್‌ನ ಅಳತೆ ಸೆಂಟಿಮೀಟರ್, ಆದ್ದರಿಂದ 35 ಮೀ/ಸೆ ಎಂಬುದು 3500 ಆಗುತ್ತದೆ, 0.004 ಎಂಬುದು 0.00004. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ ಕಲ್ಲು ಕೈಯಿಂದ ಹೊರಬಿದ್ದಲ್ಲೇ ನಿಂತಂತೆ ಕಾಣುತ್ತದೆ.

ಈ ಅಂಕಿಗಳಿಂದ ಬರುವುದು ಇಷ್ಟು: ಕಲ್ಲು ಹೊರಡುವಾಗ 61 ಜೂಲ್, 50 ಮೀಟರ್‌ನಲ್ಲಿ 41, 100 ಮೀಟರ್‌ನಲ್ಲಿ 28. 40 ಮೀ/ಸೆಗೆ ಹೊರಟ ಸೀಸದ ಗುಂಡು 48, 40, 34. ಹತ್ತಿರದಲ್ಲಿ ಕಲ್ಲು ಮೇಲು, 50 ಮೀಟರಿಗೆ ಎರಡೂ ಸಮ, ಆಚೆಗೆ ಸೀಸ. ಎರಡು ಮದ್ದಿನ (ಎಸೆಯುವ ಗುಂಡಿನ) ಬ್ಯಾಲೆನ್ಸ್ ಗಾಳಿಯೇ ಮಾಡಿಕೊಡುತ್ತದೆ, ನೀವು ಕೈ ಹಾಕಬೇಕಿಲ್ಲ.

ಕಬ್ಬಿಣದಟೊಪ್ಪಿ

ಮೇಲಿನವರು ಹೇಳಿದ್ದಕ್ಕೆ ಕಾಲದ ಬಗ್ಗೆ ಒಂದು ತಿದ್ದುಪಡಿ. ಸೀಸದ ಗುಂಡು ಗ್ರೀಕ್-ರೋಮನ್ ಕಾಲದ್ದು. ಕ್ರಿ.ಪೂ. 401ರ ಗ್ರೀಕ್ ದಂಡಯಾತ್ರೆಯಲ್ಲಿ ರೋಡ್ಸ್ ದ್ವೀಪದ ಕವಣೆಗಾರರು ಸೀಸ ಬಳಸಿ, ಮುಷ್ಟಿಗಾತ್ರದ ಕಲ್ಲು ಎಸೆಯುತ್ತಿದ್ದ ಪರ್ಷಿಯನ್ನರಿಗಿಂತ ದೂರ ಹೊಡೆದರೆಂದು ಗ್ರೀಕ್ ಲೇಖಕ ಕ್ಸೆನೊಫೊನ್ ಬರೆದಿದ್ದಾನೆ. ಕಾರಣ ಮೇಲಿನ ಗುಣಾಂಕದಲ್ಲೇ ಇದೆ. ನಿಮ್ಮ 13–14ನೇ ಶತಮಾನಕ್ಕೆ ಕಲ್ಲೇ ಸರಿ. ಸೀಸ ಇಡಲೇಬೇಕೆಂದರೆ ಪಂದ್ಯಕ್ಕೆ ನಾಲ್ಕೈದು ಗುಂಡಿನ ಅಪರೂಪದ ಮದ್ದಾಗಿ ಇಡಿ.

ಆ ಕಾಲದಲ್ಲಿ ಕವಣೆ ಇತ್ತೇ ಎಂದು ಯಾರಾದರೂ ಕೇಳಿದರೆ: ಸ್ಪೇನಿನಲ್ಲಿ ನಡೆದ 1367ರ ನಾಹೆರಾ ಕದನದಲ್ಲಿ ಕ್ಯಾಸ್ಟಿಲ್ ಕಡೆಯ ಕವಣೆಗಾರರ ಕಲ್ಲಿಗೆ ಎದುರಾಳಿಗಳ ಶಿರಸ್ತ್ರಾಣಗಳು ಒಡೆದವೆಂದು ಆ ಕಾಲದ ಚರಿತ್ರೆಕಾರ ಫ್ರಾಸಾರ್ ಬರೆದಿದ್ದಾನೆ. ಬಂದೂಕು ಬಂದ ಮೇಲೂ, ಫ್ರಾನ್ಸಿನ 1573ರ ಸಾನ್ಸೆರ್ ಮುತ್ತಿಗೆಯಲ್ಲಿ ಒಳಗಿನವರು ಕವಣೆ ಹಿಡಿದಿದ್ದರು. ಅದಕ್ಕೆ ‘ಸಾನ್ಸೆರ್‌ನ ಬಂದೂಕು’ ಎಂಬ ಹೆಸರೇ ಬಿತ್ತು. ಇನ್ನು 1981ರ 437 ಮೀಟರ್ ದಾಖಲೆಯನ್ನು ತಂದು ಗರಿಷ್ಠ ದೂರ ಅಂತ ಹಾಕಬೇಡಿ. ಅದು 52 ಗ್ರಾಂ ಕಲ್ಲಿನಲ್ಲಿ ದೂರಕ್ಕೆಂದೇ ಎಸೆದದ್ದು, ಗುರಿಗಲ್ಲ. ರೋಮನ್ ಲೇಖಕ ವೆಜಿಟಿಯಸ್ ಅಭ್ಯಾಸದ ಗುರಿಗೆ ಹೇಳುವ ದೂರ 600 ಅಡಿ, ಸುಮಾರು 180 ಮೀಟರ್. ಅದೂ ಪಳಗಿದ ಸೈನಿಕರಿಗೆ. ನಿಮ್ಮ ಮ್ಯಾಪ್‌ಗಳಿಗೆ 35 ಮೀ/ಸೆ ಸಾಕು, ಜಾಸ್ತಿ ಆಸೆ ಬೇಡ.

ಡ್ಯಾಮೇಜ್ ವಿಷಯ. ಜೂಲ್ ನೋಡಿ ಬಾಣದ ಜೊತೆ ಹೋಲಿಸಬೇಡಿ. ಬಾಣ ತನ್ನ ಶಕ್ತಿಯನ್ನು ಒಂದು ಮೊನೆಯಲ್ಲಿ ಇಳಿಸುತ್ತದೆ, ಕಲ್ಲು ನಾಣ್ಯದಗಲದ ಜಾಗದಲ್ಲಿ. ಅದಕ್ಕೆ ಕಲ್ಲು ಚೈನ್‌ಮೇಲ್ (ಲೋಹದ ಬಳೆ ಹೆಣೆದ ಕವಚ) ತೂರುವುದಿಲ್ಲ, ತೂರಬೇಕಾಗಿಯೂ ಇಲ್ಲ; ಬಳೆಗಳು ಹಾಗೇ ಇರುತ್ತವೆ, ಕೆಳಗಿನ ಮೂಳೆ ಮುರಿಯುತ್ತದೆ. ನಿಮ್ಮ ಕವಚದ ಟೇಬಲ್‌ನಲ್ಲಿ ಹೊರಪದರ, ಒಳಗಿನ ಹತ್ತಿಬಟ್ಟೆಯ ಪದರ ಬೇರೆ ಬೇರೆ ಇದ್ದರೆ ಕೆಲಸ ಸುಲಭ. ಬಾಣಕ್ಕೆ ಹೊರಪದರ ತಡೆ, ಕಲ್ಲಿಗೆ ಒಳಪದರ ತಡೆ. ಎರಡೂ ಒಂದೇ ಅಂಕಿಯಾಗಿದ್ದರೆ ಈಗಲೇ ಒಡೆಯಿರಿ; ಗದೆಗೂ ಇದೇ ಬೇಕಾಗುತ್ತದೆ.

ನನ್ನ ಸಲಹೆ ಹೀಗೆ. ಬರೀ ಮೈಗೆ ಶಕ್ತಿಯ ಪೂರ್ತಿ ಪಾಲು. ಹತ್ತಿ ತುಂಬಿದ ಅಂಗಿಗೆ 55%. ಚೈನ್‌ಮೇಲ್ ಅಡಿಯಲ್ಲಿ ಹತ್ತಿಯೂ ಇದ್ದರೆ 45%, ಹತ್ತಿ ಇಲ್ಲದ ಬರೀ ಚೈನ್‌ಮೇಲ್‌ಗೆ 85%. ತಟ್ಟೆ ಕವಚಕ್ಕೆ (ಲೋಹದ ತಗಡಿನದು) 15%, ಅದೂ ಕೋನ 40 ಡಿಗ್ರಿ ಮೀರಿದರೆ ಸೊನ್ನೆ, ಠಣ್ ಅನ್ನುವ ಸದ್ದು ಮಾತ್ರ. ಇವು ಇತಿಹಾಸದ ಅಳತೆಗಳಲ್ಲ, ಆಟಕ್ಕೆ ಒಗ್ಗುವ ಆರಂಭದ ಅಂಕಿಗಳು. ರಕ್ತಸ್ರಾವ ಇಡಬೇಡಿ. ಬದಲಿಗೆ ಮೈಗೆ ಬಿದ್ದ ಪೆಟ್ಟಿನ ಒಂದೂವರೆ ಪಟ್ಟು ಸ್ಟ್ಯಾಮಿನಾ ಇಳಿಸಿ. ಕವಣೆ ಕೊಲ್ಲುವುದಕ್ಕಿಂತ ಹೆಚ್ಚಾಗಿ ಎದುರಾಳಿಯ ಕಾಳಗವನ್ನು ಕೆಡಿಸುವ ಆಯುಧವಾಗಲಿ: ಕತ್ತಿ ಎತ್ತಿದ ಕೈಗೆ ಕಲ್ಲು ಬಿದ್ದರೆ ಆ ಹೊಡೆತ ಅಲ್ಲೇ ರದ್ದಾಗಬೇಕು.

ತಲೆಗೆ ಬಿದ್ದದ್ದಕ್ಕೆ ಒಂದೇ ಏಟಿಗೆ ಸಾವು ಅಂತ ಇಡುವ ಮನಸ್ಸಾಗುತ್ತದೆ. ಬರಿತಲೆಗೆ ಇಡಿ. ಮುಖ ತೆರೆದ ಕಬ್ಬಿಣದ ಟೊಪ್ಪಿಗೆ ಮುಂದಿನಿಂದ ಮುಖದ ಹಿಟ್‌ಬಾಕ್ಸ್‌ಗೆ (ಪೆಟ್ಟು ಲೆಕ್ಕಕ್ಕೆ ಬರುವ ಜಾಗ) ಮಾತ್ರ ಇಡಿ. ಪೂರ್ತಿ ಮುಚ್ಚಿದ ಶಿರಸ್ತ್ರಾಣಕ್ಕೆ 0.4 ಸೆಕೆಂಡ್ ತತ್ತರಿಕೆ, ಕಿವಿಯಲ್ಲಿ ಗುಂಯ್ ಸದ್ದು, ಅಷ್ಟೇ. ಗುರಾಣಿಗೆ ಬಾಣ ನೆಟ್ಟುಕೊಳ್ಳುತ್ತದೆ, ಕಲ್ಲು ಪುಟಿಯುತ್ತದೆ. ಪುಟಿದ ಕಲ್ಲಿಗೆ ಪಕ್ಕದವನ ಮೇಲೆ ಡ್ಯಾಮೇಜ್ ಕೊಡಬೇಡಿ, ಗಲಾಟೆಯಾಗುತ್ತದೆ.

ಕೋಲು ಕವಣೆ ಖಂಡಿತ ಬೇರೆ ಆಯುಧ. ಅಲ್ಲಿ ಒಂದು ಹಗ್ಗ ಕೋಲಿಗೆ ಬಿಗಿಯಾಗಿ ಕಟ್ಟಿರುತ್ತದೆ, ಇನ್ನೊಂದರ ಕುಣಿಕೆ ಕೋಲಿನ ತುದಿಗೆ ಸಿಕ್ಕಿರುತ್ತದೆ. ಬೀಸಿದಾಗ ಕುಣಿಕೆ ತಾನೇ ಜಾರುತ್ತದೆ. ಬೆರಳಿನ ಕೆಲಸವೇ ಇಲ್ಲ. ಯಾವ ಕೋನಕ್ಕೆ ಬಿಡುತ್ತದೆ ಅನ್ನುವುದು ತುದಿಯ ಬಾಗು ಮತ್ತು ನುಣುಪಿನ ಮೇಲೆ ನಿಂತಿದೆ. ಹಾಗಾಗಿ ಗೇಮ್‌ನಲ್ಲಿ ಸಮಯದ ಆಟ ಬೇಡ. ಎರಡೂ ಕೈ, 400 ಗ್ರಾಂ ಕಲ್ಲು, 28 ಮೀ/ಸೆ, 40 ಡಿಗ್ರಿಯ ಸ್ಥಿರ ಕಮಾನು, ರಿಲೋಡ್ 7 ಸೆಕೆಂಡ್. ಕೋಟೆಗೋಡೆ ಮೇಲಿಂದ, ಗೋಡೆ ಆಚೆಗೆ. ಮಣ್ಣಿನ ಮಡಕೆಯಲ್ಲಿ ಸುಣ್ಣ ತುಂಬಿ ಎಸೆಯುವುದೂ ಇದಕ್ಕೇ ಹೊಂದುತ್ತದೆ.

ಬತ್ತಳಿಕೆ_ಖಾಲಿ

ದೀರ್ಘವೃತ್ತದ ಸ್ಪ್ರೆಡ್ ಹಾಕಿದೆ, ಆಗಲೇ ಬೇರೆ ಆಯುಧ ಅನ್ನಿಸುತ್ತಿದೆ. ಮೂರು ತೊಂದರೆ ಉಳಿದಿವೆ. (1) ಹಗ್ಗಕ್ಕೆ ಅನ್‌ರಿಯಲ್‌ನ ಕೇಬಲ್ ಕಾಂಪೊನೆಂಟ್ (ಹಗ್ಗದ ಸಿಮ್ಯುಲೇಶನ್) ಹಾಕಿದರೆ ಬೀಸುವಾಗ ಹುಚ್ಚೆದ್ದು ಹಿಗ್ಗುತ್ತದೆ. (2) ಕಲ್ಲು ಕೆಲವೊಮ್ಮೆ ಎದುರಾಳಿಯ ತಲೆಯನ್ನು ದಾಟಿಹೋಗುತ್ತದೆ, ಹಿಟ್ ಬರುವುದಿಲ್ಲ. ಸರ್ವರ್ 30 ಹರ್ಟ್ಸ್ (ಸೆಕೆಂಡಿಗೆ 30 ಸಲ ಲೆಕ್ಕ). (3) 50 ಮೀಟರಿಗೆ ಕ್ರಾಸ್‌ಹೇರ್ ಎಲ್ಲಿಡಬೇಕೆಂದೇ ಪರೀಕ್ಷೆ ಮಾಡುವವರಿಗೆ ತಿಳಿಯುತ್ತಿಲ್ಲ.

ಎಲುಬು_ಮತ್ತು_ಟಿಕ್

ಹಗ್ಗದ್ದು ಹೇಳುತ್ತೇನೆ. ಬೀಸಿನ ಕೊನೆಯಲ್ಲಿ ಪೌಚ್ ಮೇಲಿನ ವೇಗೋತ್ಕರ್ಷ 35 × 35 ಭಾಗಿಸು 1.1, ಅಂದರೆ ಗುರುತ್ವದ 110 ಪಟ್ಟಿಗಿಂತ ಹೆಚ್ಚು. 100 ಗ್ರಾಂ ಕಲ್ಲು ಹಗ್ಗವನ್ನು ಸುಮಾರು 11 ಕೆ.ಜಿ. ತೂಗುಹಾಕಿದಷ್ಟು ಜಗ್ಗುತ್ತಿರುತ್ತದೆ. ಕೇಬಲ್ ಕಾಂಪೊನೆಂಟ್‌ನಂಥ ಸಿಮ್ಯುಲೇಶನ್ ಇದನ್ನು ತಡೆಯಬೇಕಾದರೆ ಸಬ್‌ಸ್ಟೆಪ್ (ಒಂದು ಫ್ರೇಮ್ ಒಳಗಿನ ಲೆಕ್ಕದ ಹೆಜ್ಜೆಗಳು) ಸಿಕ್ಕಾಪಟ್ಟೆ ಏರಿಸಬೇಕು, ಇಲ್ಲದಿದ್ದರೆ ರಬ್ಬರ್ ಆಗುತ್ತದೆ. ಆದರೆ ಅಷ್ಟು ಜಗ್ಗುವ ಹಗ್ಗ ನಿಜಕ್ಕೂ ಕೋಲಿನಂತೆ ನೆಟ್ಟಗಿರುತ್ತದೆ. ಸಿಮ್ಯುಲೇಶನ್‌ಗೆ ಅಲ್ಲಿ ಕೆಲಸವೇ ಇಲ್ಲ.

ಪ್ರತಿ ಹಗ್ಗಕ್ಕೆ 5 ಬೋನ್ (ಅನಿಮೇಶನ್‌ನ ಎಲುಬು), ಪೌಚ್‌ಗೆ 1. ಬೀಸುವಾಗ ಪೂರ್ತಿ ಕೈಯಲ್ಲಿ ಮಾಡಿದ ಅನಿಮೇಶನ್, ಎರಡೂ ಹಗ್ಗ ನೇರ ರೇಖೆ. ಸಿಮ್ಯುಲೇಶನ್ ಚಾಲೂ ಆಗಬೇಕಾದ್ದು ಎರಡೇ ಹೊತ್ತಿನಲ್ಲಿ: ಸುಮ್ಮನೆ ನೇತಾಡುವಾಗ, ಮತ್ತು ಬಿಟ್ಟ ಮೇಲೆ ಗಂಟಿನ ಹಗ್ಗ ಮುಂದಕ್ಕೆ ಚಾಟಿಯಂತೆ ಹಾರುವಾಗ. ಬದಲಾಗುವಾಗ 0.08 ಸೆಕೆಂಡ್ ಬ್ಲೆಂಡ್ ಕೊಡಿ. ಬಿಟ್ಟ ಮೇಲೂ ಎರಡೂ ಹಗ್ಗ ಕೈಯಲ್ಲೇ ಇರುವ ಅನಿಮೇಶನ್ ಬಹಳ ಕಡೆ ಕಾಣುತ್ತದೆ, ಪೌಚ್ ಮುಚ್ಚಿಕೊಂಡೇ ಕಲ್ಲು ಹೊರಬರುತ್ತದೆ; ಗೊತ್ತಿದ್ದವರಿಗೆ ಅದೊಂದೇ ಕಣ್ಣಿಗೆ ಕುಕ್ಕುತ್ತದೆ.

ದಾಟಿಹೋಗುವುದು ಟಿಕ್‌ನಿಂದ, ಅಂದರೆ ಸರ್ವರ್ ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುವುದರಿಂದ. 30 ಹರ್ಟ್ಸ್‌ನಲ್ಲಿ ಕಲ್ಲು ಒಂದು ಹೆಜ್ಜೆಗೆ 1.17 ಮೀಟರ್ ಸಾಗುತ್ತದೆ, ತಲೆ 20 ಸೆಂ.ಮೀ. ಕೂಡ ಇಲ್ಲ. ಸ್ವೀಪ್ ಕೊಲಿಶನ್ (ಹೆಜ್ಜೆಯ ನಡುವಿನ ದಾರಿಯನ್ನೂ ಪರೀಕ್ಷಿಸುವುದು) ಆನ್ ಇದೆಯೇ ನೋಡಿ, ರೂಟ್ (ಮೂಲ) ಕಾಂಪೊನೆಂಟ್ 2 ಸೆಂ.ಮೀ. ತ್ರಿಜ್ಯದ ಗೋಳವೇ ಆಗಿರಲಿ. ಮೆಶ್ (ಕಣ್ಣಿಗೆ ಕಾಣುವ ಕಲ್ಲಿನ ಆಕಾರ) ಅನ್ನು ರೂಟ್ ಮಾಡಿ ಗೋಳವನ್ನು ಅದರ ಕೆಳಗೆ ಸಿಕ್ಕಿಸಿದ್ದರೆ ಸ್ವೀಪ್ ಆ ಗೋಳಕ್ಕೆ ಅನ್ವಯಿಸುವುದಿಲ್ಲ. ನಿಮ್ಮ ತೊಂದರೆ ಬಹುಶಃ ಇದೇ.

ನೆಟ್‌ವರ್ಕ್‌ನಲ್ಲಿ ಕ್ಲೈಂಟ್ ಕಳಿಸಬೇಕಾದ್ದು ಬೀಸು ಶುರುವಾದ ಸಮಯ, ಬಿಟ್ಟ ಸಮಯ, ನೋಡುತ್ತಿದ್ದ ದಿಕ್ಕು. ಕೋನದ ತಪ್ಪನ್ನು ಸರ್ವರ್ ಲೆಕ್ಕ ಹಾಕಲಿ, ಸ್ಪ್ರೆಡ್‌ನ ಯಾದೃಚ್ಛಿಕ ಅಂಕಿಗಳನ್ನು ಹುಟ್ಟಿಸುವ ಬೀಜವೂ (ಸೀಡ್) ಸರ್ವರ್‌ನದೇ ಆಗಿರಲಿ. ಸಂದೇಶ ಬಂದು ಮುಟ್ಟಿದ ಸಮಯವನ್ನು ಬಿಟ್ಟ ಸಮಯ ಅಂತ ತೆಗೆದುಕೊಂಡರೆ ಪಿಂಗ್ (ನೆಟ್‌ವರ್ಕ್ ವಿಳಂಬ) ಸ್ವಲ್ಪ ಅಲುಗಿದರೂ 30 ಮಿಲಿಸೆಕೆಂಡಿನ ಕಿಟಕಿ ಹಾಳು. ಮ್ಯಾಕ್ರೋ (ಬಟನ್ ತಾನೇ ಒತ್ತುವ ಸ್ಕ್ರಿಪ್ಟ್) ಹಾವಳಿಗೆ ಪ್ರತಿ ಬೀಸಿನ ಅವಧಿಯನ್ನು 8% ಆಚೀಚೆ ಮಾಡಿ. ಆದರ್ಶ ಕ್ಷಣ ಕಣ್ಣಿಗೂ ಕಿವಿಗೂ ಸಿಗುವಂತಿರಲಿ: ಹಗ್ಗದ ಸುಂಯ್ ಸದ್ದಿನ ಏರುವಿಕೆಯೇ ಸೂಚನೆ, ಪರದೆ ಮೇಲೆ ಮೀಟರ್ ಪಟ್ಟಿ ಬೇಡ.

ಕ್ರಾಸ್‌ಹೇರ್: 50 ಮೀಟರಿಗೆ ಕಲ್ಲು ಒಂದೂವರೆ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾರುತ್ತದೆ, ಸುಮಾರು 11 ಮೀಟರ್ ಇಳಿಯುತ್ತದೆ. ಎತ್ತಬೇಕಾದ ಕೋನ 15 ಮೀಟರಿಗೆ ಸುಮಾರು 3.5 ಡಿಗ್ರಿ, 30ಕ್ಕೆ 7.5, 50ಕ್ಕೆ 13.5. ನಡುಬಿಂದುವಿನ ಕೆಳಗೆ ಇಷ್ಟಿಷ್ಟು ಅಂತರದಲ್ಲಿ ಮೂರು ಸಣ್ಣ ಗೆರೆ ಸಾಕು. ಫೀಲ್ಡ್ ಆಫ್ ವ್ಯೂ (ಕಾಣುವ ನೋಟದ ಅಗಲ) ಬದಲಿಸಿದರೆ ಗೆರೆಯ ಅಂತರವೂ ಮರುಲೆಕ್ಕವಾಗಬೇಕು, ಪಿಕ್ಸೆಲ್ ಅಂಕಿ ನೇರ ಬರೆದಿಡಬೇಡಿ.

ಜಾಗದ ಪರೀಕ್ಷೆಯೂ ಇರಲಿ. ಬೀಸು ಶುರುವಾಗುವ ಮೊದಲು ಭುಜದ ಸುತ್ತ 1.5 ಮೀಟರ್ ಗೋಳದಲ್ಲಿ ಚಾವಣಿ, ಗೋಡೆ, ಜೊತೆಗಾರ ಸಿಕ್ಕರೆ ಬೀಸು ಶುರುವಾಗಲೇಬಾರದು. ಮಧ್ಯದಲ್ಲಿ ಸಿಕ್ಕಿಕೊಂಡರೆ ಕಲ್ಲು ಕಾಲ ಬಳಿ ಬೀಳಲಿ. ಕವಣೆ ಬಿಗಿಯಾದ ಸಾಲಿನಲ್ಲಿ, ಮೆಟ್ಟಿಲಲ್ಲಿ, ಬಾಗಿಲಲ್ಲಿ ಕೆಲಸಕ್ಕೆ ಬಾರದು ಅನ್ನುವುದೇ ಅದರ ಬ್ಯಾಲೆನ್ಸ್.

ನರ್ಫ್_ಮಾಡಿ

ಸಮಯದ ಆಟದ ಬಗ್ಗೆ ನನಗೆ ತಕರಾರಿದೆ. ಕತ್ತಿ ಹಿಡಿದವನು ಮೂರು ಮಾರು ದೂರದಲ್ಲಿ ಓಡಿಬರುವಾಗ 30 ಮಿಲಿಸೆಕೆಂಡ್ ಲೆಕ್ಕ ಹಾಕುವ ಸಹನೆ ಹೊಸಬರಿಗಿರುವುದಿಲ್ಲ. ಅವರು ಎರಡು ಕಲ್ಲು ಆಕಾಶಕ್ಕೆ ಬಿಟ್ಟು ಆಯುಧ ಬದಲಿಸುತ್ತಾರೆ. ಕಿಟಕಿಯನ್ನು ದೂರಕ್ಕೆ ಕಟ್ಟಬೇಡಿ, ಚಾರ್ಜ್‌ಗೆ ಕಟ್ಟಿ: ಅರ್ಧ ಬೀಸಿಗೆ (22 ಮೀ/ಸೆ) ಕಿಟಕಿ ಎರಡು ಪಟ್ಟು ಅಗಲ, ಪೂರ್ತಿ ಬೀಸಿಗೆ ಮೇಲೆ ಹೇಳಿದ್ದು. ಹತ್ತಿರದವನಿಗೆ ಅರ್ಧ ಬೀಸು ಸಾಕಾಗುತ್ತದೆ, 24 ಜೂಲ್ ಅವನ ಕೈಯ ಹೊಡೆತ ಕೆಡಿಸಲು ಧಾರಾಳ.

ಮದ್ದಿನದ್ದು ಯಾರೂ ಹೇಳಲಿಲ್ಲ. ಕಲ್ಲು ನೆಲದಲ್ಲೇ ಸಿಗುವುದರಿಂದ ಮದ್ದು ಮುಗಿಯದ ಆಯುಧವಾಗುತ್ತದೆ ಅನ್ನುವ ಭಯ ಸರಿ, ಆದರೆ ಹೆಕ್ಕುವುದನ್ನು ತೆಗೆದುಹಾಕಿದರೆ ಕವಣೆಯ ಗಮ್ಮತ್ತೇ ಹೋಗುತ್ತದೆ. ಚೀಲದಲ್ಲಿ ಆರಿಸಿದ ಗುಂಡುಕಲ್ಲು 20 (2 ಕೆ.ಜಿ., ತೂಕದ ಲೆಕ್ಕಕ್ಕೆ ಸೇರಿಸಿ). ಹೆಕ್ಕುವುದು ನೆಲದ ಫಿಸಿಕಲ್ ಮೆಟೀರಿಯಲ್ (ನೆಲ ಯಾವ ಬಗೆಯದೆಂಬ ಗುರುತು) ನೋಡಿ: ಹೊಳೆದಂಡೆಯಲ್ಲಿ ಒಳ್ಳೆ ಕಲ್ಲು, ಜಲ್ಲಿಯಲ್ಲಿ ಒಡಕು ಕಲ್ಲು, ಹುಲ್ಲುನೆಲದಲ್ಲಿ ಏನೂ ಇಲ್ಲ. ಒಡಕು ಕಲ್ಲಿಗೆ ತೂಕ 60 ರಿಂದ 160 ಗ್ರಾಂ ನಡುವೆ ಯಾವುದಾದರೂ ಬರಲಿ, ಮೂಲ ಸ್ಪ್ರೆಡ್ ಒಂದೂವರೆ ಪಟ್ಟು, ಗಾಳಿತಡೆ ಗುಣಾಂಕ 0.006. ಪ್ರತಿ ಕಲ್ಲು ಬೇರೆ ತೂಕವಾದಾಗ ಬೀಳುವ ಜಾಗವೂ ಬೇರೆಯಾಗುತ್ತದೆ. ಪ್ರತ್ಯೇಕ ದಂಡನೆ ಬೇಕಿಲ್ಲ. ಬಗ್ಗಿ ಹೆಕ್ಕಲು 1.5 ಸೆಕೆಂಡ್, ಆಗ ಗುರಾಣಿ ಕೆಳಗೆ.

ರಿಲೋಡ್ ಚೀಲದಿಂದ 3.5 ಸೆಕೆಂಡ್, ಬೀಸು ಸೇರಿ ನಿಮಿಷಕ್ಕೆ 12–14 ಕಲ್ಲು. ಅದು ಜಾಸ್ತಿ ಅನ್ನಿಸಿದರೆ ಡ್ಯಾಮೇಜ್ ಇಳಿಸಬೇಡಿ, ರಿಲೋಡನ್ನು 5ಕ್ಕೆ ಏರಿಸಿ. ಕಲ್ಲನ್ನು ಪೌಚ್‌ಗೆ ಇಡಲು ಎರಡೂ ಕೈ ಬೇಕು, ಬೀಸಲು ಒಂದೇ ಸಾಕು. ಆದ್ದರಿಂದ ಸಣ್ಣ ಗುರಾಣಿ ಮುಂಗೈಗೆ ಕಟ್ಟಿಕೊಂಡವನು ಬೀಸುವಾಗ ಮುಚ್ಚಿಕೊಂಡಿರಬಹುದು, ತುಂಬುವಾಗ ತೆರೆದುಕೊಳ್ಳುತ್ತಾನೆ. ಬಿಲ್ಲುಗಾರ, ಕ್ರಾಸ್‌ಬೋಗಾರ ಇಬ್ಬರಿಗೂ ಈ ಸವಲತ್ತಿಲ್ಲ. ದೊಡ್ಡ ಗುರಾಣಿ ಜೊತೆ ಮಾತ್ರ ಬಿಡಬೇಡಿ, ಮೊದಲ ವಾರದಲ್ಲೇ ಎಲ್ಲರೂ ಅದನ್ನೇ ಹಿಡಿಯುತ್ತಾರೆ.

ಸ್ಪರ್ಶರೇಖೆ

ಅರ್ಧ ಬೀಸಿನ ಮಾತು ಒಪ್ಪಿದೆ. ಒಂದು ಎಚ್ಚರಿಕೆ: ಅರ್ಧ ಬೀಸಿಗೆ ಕಿಟಕಿ ಅಗಲ ಮಾಡಿ, ಆದರೆ ಮೂಲ ಸ್ಪ್ರೆಡ್ ಕಡಿಮೆ ಮಾಡಬೇಡಿ. ಮಾಡಿದರೆ 22 ಮೀ/ಸೆಯೇ ಎಲ್ಲ ದೂರಕ್ಕೂ ಲಾಭದಾಯಕವಾಗಿ, ಪೂರ್ತಿ ಬೀಸು ಯಾರೂ ಮುಟ್ಟುವುದಿಲ್ಲ. ಒಡಕು ಕಲ್ಲಿಗೆ ವೇಗವನ್ನೂ ತೂಕಕ್ಕೆ ತಕ್ಕಂತೆ ಬದಲಿಸಿ: 60 ಗ್ರಾಂಗೆ 38, 100ಕ್ಕೆ 35, 160ಕ್ಕೆ 31 ಮೀ/ಸೆ. ಎಲ್ಲಕ್ಕೂ 35 ಇಟ್ಟರೆ ಭಾರದ ಕಲ್ಲು 98 ಜೂಲ್ ಹೊತ್ತು ಹೋಗುತ್ತದೆ; ಆಗ ಜಲ್ಲಿ ರಾಶಿಯ ಪಕ್ಕ ಕೂತವನೇ ಪಂದ್ಯ ಗೆಲ್ಲುತ್ತಾನೆ.